ಎರಡು ಸ್ಕ್ಯಾನ್ ಸೆಂಟರು, ಎರಡು ಮ್ಯಾಮೋಗ್ರಾಮು, ಒಂದು 'ಸಿ' ಅಕ್ಷರ: ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಎರಡೂ ಸೆಂಟರ್ ಹೆಸರು ಹಾಕಲ್ಲ. ಬೈದಿರೋರ ಹೆಸರು ಹಾಕಿದ್ರೆ ನಂಗೆ ತಲೆನೋವು, ಹೊಗಳಿರೋರ ಹೆಸರು ಹಾಕಿದ್ರೆ ಎಷ್ಟು ದುಡ್ಡು ಕೊಟ್ರು ಅಂತ ನೀವೇ ಕೇಳ್ತೀರ. ಎರಡೂ ಮೈಸೂರಲ್ಲೇ ಇವೆ ಅಷ್ಟೇ. ಒಂದು ಗಾಜಿನ ಬಿಲ್ಡಿಂಗು, ಟೋಕನ್ ಮಿಷಿನ್ನು, ಫ್ರೀ ಕಾಫಿ, ಎಸಿ ಎಷ್ಟು ಅಂದ್ರೆ ಸೆರಗು ಹೊದ್ದು ಕೂರ್ಬೇಕು. ಇನ್ನೊಂದು ಮೆಡಿಕಲ್ ಸ್ಟೋರ್ ಮೇಲಿನ ಮಹಡಿ, ಲಿಫ್ಟ್ ಇದೆ, ಆದ್ರೆ ಅದಕ್ಕೆ ಮನಸ್ಸು ಬಂದಾಗ ಮಾತ್ರ ಮೇಲಕ್ಕೆ ಹೋಗುತ್ತೆ.

ಕಳೆದ ವರ್ಷ ಮಾರ್ಚಲ್ಲಿ ಮಹಿಳಾ ದಿನದ ಪ್ಯಾಕೇಜ್ ಅಂತ ಮೊದಲ್ನೇದಕ್ಕೆ ಹೋಗಿದ್ದು. ರಕ್ತ ಪರೀಕ್ಷೆ, ಥೈರಾಯ್ಡು, ಪ್ಯಾಪ್ ಸ್ಮಿಯರು, ಮ್ಯಾಮೋಗ್ರಾಮು (ಸ್ತನ ಕ್ಯಾನ್ಸರ್ ಹುಡುಕೋ ಎಕ್ಸ್‌ರೇ) ಎಲ್ಲಾ ಸೇರಿ 3,499 ರೂಪಾಯಿ, ಇಬ್ಬರು ಒಟ್ಟಿಗೆ ಬಂದ್ರೆ ತಲಾ 500 ಕಮ್ಮಿ. ಆ 500 ರೂಪಾಯಿಗೋಸ್ಕರ ನಮ್ಮಕ್ಕ ನನ್ನ ಎಳ್ಕೊಂಡು ಹೋದ್ಲು, ಸುಳ್ಳು ಯಾಕೆ ಹೇಳ್ಲಿ. ಅವಳಿಗೆ 53, ನಂಗೆ 45. ಇಬ್ಬರಿಗೂ ಅದೇ ಮೊದಲ ಮ್ಯಾಮೋಗ್ರಾಮು.

ಮಾಡಿಸ್ದೇ ಇರೋರಿಗೆ ಅದು ಹೆಂಗಿರುತ್ತೆ ಅಂತ ಹೇಳ್ಬೇಕು ಅಲ್ವಾ. ಸೊಂಟದಿಂದ ಮೇಲೆ ಬಟ್ಟೆ ತೆಗ್ದು ಗೌನ್ ಹಾಕ್ಕೊಂಡು ಮಿಷಿನ್ ಮುಂದೆ ನಿಲ್ಬೇಕು, ಟೆಕ್ನಿಷಿಯನ್ ಹುಡುಗಿ ಒಂದೊಂದೇ ಸ್ತನವನ್ನ ತಣ್ಣನೆ ಪ್ಲೇಟ್ ಮೇಲೆ ಇಟ್ಟು, ಮೇಲಿಂದ ಇನ್ನೊಂದು ಪ್ಲಾಸ್ಟಿಕ್ ಪ್ಲೇಟ್ ಇಳಿಸಿ ಒತ್ತಿ, ಉಸಿರು ಹಿಡೀರಿ ಅಂತಾಳೆ. ಮೇಲಿಂದ ಒಂದು, ಓರೆಯಾಗಿ ಕಂಕುಳ ತನಕ ಸೇರಿಸಿ ಒಂದು, ಎರಡೂ ಕಡೆ ಸೇರಿ 4 ಚಿತ್ರ. ಒತ್ತೋದು ಕೆಲವೇ ಸೆಕೆಂಡು. ನೋವು ಆಗುತ್ತಾ? ಆಗುತ್ತೆ, ಹಬ್ಬದ ದಿನ ಕೈಗೆ ಸಣ್ಣ ಸೈಜಿನ ಬಳೆ ಏರಿಸ್ತಾರಲ್ಲ ಆ ಥರದ್ದು, ಮುಗಿದ ತಕ್ಷಣ ಮರ್ತೋಗುತ್ತೆ. ಪೀರಿಯಡ್ಸ್ ಹತ್ರ ಇದ್ದಾಗ ಹೋಗ್ಬೇಡಿ, ಮುಗಿದ ಮೇಲಿನ ವಾರದಲ್ಲಿ ಹೋದ್ರೆ ನೋವು ಕಮ್ಮಿ, ಇದನ್ನ ಅಲ್ಲಿ ಯಾರೂ ಹೇಳ್ಲಿಲ್ಲ, ನಾನು ಸರಿಯಾಗಿ ಕೆಟ್ಟ ದಿನವೇ ಹೋಗಿದ್ದೆ.

ಸಂಜೆಗೆ ವಾಟ್ಸಾಪಲ್ಲಿ ಪಿಡಿಎಫ್ ಬಂತು. ಇಬ್ಬರದ್ದೂ ಬೈರ್ಯಾಡ್ಸ್ (ಮ್ಯಾಮೋಗ್ರಾಮ್ ರಿಪೋರ್ಟಿಗೆ ಹಾಕೋ ನಂಬರು) 2, ಅನುಮಾನ ಪಡೋಂಥದ್ದು ಏನೂ ಇಲ್ಲ. ಅಕ್ಕ ಅವತ್ತೇ ಶಾವಿಗೆ ಪಾಯಸ ಮಾಡಿದ್ಲು. ನನ್ನ ರಿಪೋರ್ಟಲ್ಲಿ ಮಾತ್ರ ಮಧ್ಯದಲ್ಲಿ ಒಂದು ಸಾಲು: ಬ್ರೆಸ್ಟ್ಸ್ ಆರ್ ಹೆಟೆರೋಜೀನಿಯಸ್ಲಿ ಡೆನ್ಸ್, ವಿಚ್ ಮೇ ಅಬ್ಸ್ಕ್ಯೂರ್ ಸ್ಮಾಲ್ ಮಾಸಸ್, ಟೈಪ್ ಸಿ. ಅಂದ್ರೆ ಸಣ್ಣ ಗಂಟು ಏನಾದ್ರೂ ಇದ್ರೆ ಮರೆಯಾಗಿರಬಹುದು ಅಂತ. ಮೇಲೆ ಹಿಂಗೆ ಬರ್ದು ಕೆಳಗೆ ನಾರ್ಮಲ್ ಅಂದ್ರೆ ಏನರ್ಥ? ಫೋನ್ ಮಾಡಿ ಕೇಳ್ದೆ. "ನಾರ್ಮಲ್ ಇದೆ ಮೇಡಂ, ಡಾಕ್ಟ್ರಿಗೆ ತೋರ್ಸಿ." ಯಾವ ಡಾಕ್ಟ್ರಿಗೆ? ಪ್ಯಾಕೇಜಲ್ಲೇ ಒಂದು ಫೋನ್ ಕನ್ಸಲ್ಟೇಷನ್ ಇತ್ತು, ಅವರು ಮಾತಾಡಿದ 4 ನಿಮಿಷದಲ್ಲಿ ಮೂರು ನಿಮಿಷ ನನ್ನ ವಿಟಮಿನ್ ಡಿ ಬಗ್ಗೆ.

ಸರಿ ಬಿಡು ಅಂತ ಬಿಟ್ಟಿದ್ದೆ. ಮೂರು ದಿನ ಆದ್ಮೇಲೆ ಅದೇ ಸೆಂಟರಿಂದ ಫೋನು, ಈ ಸಲ ಭಾಳ ಅಕ್ಕರೆ. "ಮೇಡಂ ನಿಮ್ದು ಡೆನ್ಸ್ ಬ್ರೆಸ್ಟ್ ಇದೆ, ಕ್ಯಾನ್ಸರ್ ರಿಸ್ಕ್ 4ರಿಂದ 6 ಪಟ್ಟು ಜಾಸ್ತಿ, ಎಂಆರ್‌ಐ ಮತ್ತೆ ಜೀನ್ ಟೆಸ್ಟ್ ಸೇರಿ ಒಂದು ಪ್ಯಾಕೇಜ್ ಇದೆ 28,000ದ್ದು, ಈ ಭಾನುವಾರದ ಒಳಗೆ ಬುಕ್ ಮಾಡಿದ್ರೆ 30 ಪರ್ಸೆಂಟ್ ಆಫ್." ನೋಡಿ, ನಾನು ಕೇಳಿದಾಗ ಆ ಸಾಲಿಗೆ ಅರ್ಥ ಹೇಳೋಕೆ ಯಾರೂ ಇರ್ಲಿಲ್ಲ, ಮಾರೋಕೆ ಮಾತ್ರ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅವತ್ತು ರಾತ್ರಿ ನಿದ್ದೆ ಇಲ್ಲ. ನಮ್ಮೆಜಮಾನ್ರು "ನಾರ್ಮಲ್ ಅಂತ ಬರ್ದಿದಾರಲ್ಲೇ ಮಾರಾಯ್ತಿ" ಅಂತ ಆ ಕಡೆ ತಿರುಗಿ ಮಲ್ಕೊಂಡ್ರು. ಬೆಳಗ್ಗೆ ಅಕ್ಕನಿಗೆ ಹೇಳಿದ್ರೆ ಅವಳದ್ದು ಇನ್ನೊಂದು, "ಡೆನ್ಸ್ ಅಂದ್ರೆ ಗಟ್ಟಿ ಅಲ್ವೇನೇ, ಮುಟ್ಟಿ ನೋಡ್ಕೋ, ಗಟ್ಟಿ ಇದ್ಯಾ?" ಇಲ್ಲಪ್ಪ, ಮೆತ್ತಗೇ ಇದೆ. "ಹಂಗಾದ್ರೆ ರಿಪೋರ್ಟೇ ತಪ್ಪು" ಅಂತ ಅವಳ ತೀರ್ಮಾನ.

ನಮ್ಮ ಲೇಡಿ ಡಾಕ್ಟ್ರು ಎರಡ್ನೇ ಸೆಂಟರಿಗೆ ಬರ್ಕೊಟ್ರು, ಸೋನೋ (ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡ್ಸಿ, ಹೋಗುವಾಗ ಮ್ಯಾಮೋಗ್ರಾಮ್ ಚಿತ್ರಗಳನ್ನ ತಗೊಂಡ್ಹೋಗಿ ಅಂದ್ರು. ಚಿತ್ರ ಎಲ್ಲಿದೆ ನಮ್ಮತ್ರ, ಬರೀ ಪಿಡಿಎಫ್. ಗಾಜಿನ ಬಿಲ್ಡಿಂಗಿಗೆ ವಾಪಸ್ ಹೋಗಿ ಸಿಡಿ ಕೇಳಿದ್ರೆ 300 ರೂಪಾಯಿ, 2 ದಿನ ಬಿಟ್ಟು ಬನ್ನಿ, ಅಕ್ಕನ ಸಿಡಿಗೆ ಅಕ್ಕನೇ ಬಂದು ಸೈನ್ ಹಾಕ್ಬೇಕು. ನನ್ನ ಎದೆಯ ಫೋಟೋ ನಂಗೆ ಕೊಡೋಕೆ 2 ದಿನ. ನೀವು ಎಲ್ಲೇ ಮಾಡ್ಸಿ, ದುಡ್ಡು ಕಟ್ಟೋ ಮೊದ್ಲೇ ಸಿಡಿ ಕೊಡ್ತೀರಾ ಅಂತ ಕೇಳಿ.

ಎರಡ್ನೇ ಸೆಂಟರಲ್ಲಿ ರೇಡಿಯಾಲಜಿಸ್ಟ್ ಮೇಡಂ ಅಲ್ಲೇ ಕೂತಿರ್ತಾರೆ, ಇದು ದೊಡ್ಡ ವಿಷ್ಯ. ಮೊದಲ್ನೇ ಕಡೆ ಚಿತ್ರ ನೋಡಿ ರಿಪೋರ್ಟ್ ಬರ್ದೋರು ಯಾವ ಊರಲ್ಲಿ ಕೂತಿದ್ರೋ, ಕೆಳಗೆ ಡಿಜಿಟಲ್ ಸೈನ್ ಮಾತ್ರ ಇತ್ತು. ಇವರು ನನ್ನ ಸಿಡಿ, ಅಕ್ಕನ ಸಿಡಿ ಎರಡನ್ನೂ ಹಾಕಿ ಒಂದೇ ಸ್ಕ್ರೀನಲ್ಲಿ ಅಕ್ಕಪಕ್ಕ ತೋರ್ಸಿದ್ರು. ಅಕ್ಕನದ್ದು ಬೂದಿ ಬಣ್ಣ, ಅಲ್ಲಲ್ಲಿ ಬಿಳಿ ಎಳೆ. ನನ್ನದು ಜುಲೈ ತಿಂಗಳ ಮಡಿಕೇರಿ, ಮುಕ್ಕಾಲು ಭಾಗ ಬೆಳ್ಳಗೆ ಮೋಡ. ಕೊಬ್ಬು ಎಕ್ಸ್‌ರೇಲಿ ಕಪ್ಪು-ಬೂದಿಯಾಗಿ ಕಾಣುತ್ತಂತೆ, ಹಾಲಿನ ಗ್ರಂಥಿ ಮತ್ತೆ ನಾರು ಬೆಳ್ಳಗೆ ಕಾಣುತ್ತಂತೆ, ಆ ಬಿಳಿ ಎಷ್ಟು ಅನ್ನೋದೇ ಡೆನ್ಸಿಟಿ. ಕೈಗೆ ಗಟ್ಟಿ ಸಿಗುತ್ತಾ ಮೆತ್ತಗೆ ಸಿಗುತ್ತಾ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಚಿತ್ರ ತೆಗೀದೆ ಯಾರ ಕೈಲೂ ಹೇಳೋಕಾಗಲ್ಲ. ಅಕ್ಕ ಪಕ್ಕದಲ್ಲಿ ಕೆಮ್ಮಿದ್ಲು.

ತೊಂದ್ರೆ ಏನಂದ್ರೆ ಕ್ಯಾನ್ಸರ್ ಗಂಟು ಕೂಡ ಬೆಳ್ಳಗೇ ಕಾಣೋದು. ಮೇಡಂ ಹೇಳಿದ್ದು ನಂಗೆ ಈಗ್ಲೂ ನೆನಪಿದೆ, "ಉದ್ದಿನಕಾಳಲ್ಲಿ ಬಿಳಿ ಕಲ್ಲು ಇದ್ರೆ ಒಂದೇ ನೋಟಕ್ಕೆ ಕಾಣುತ್ತೆ, ಅದೇ ಕಲ್ಲು ಅಕ್ಕೀಲಿ ಇದ್ರೆ? ನಿಮ್ದು ಅಕ್ಕಿ, ನಿಮ್ಮಕ್ಕಂದು ಉದ್ದಿನಕಾಳು." ಸಿಪ್ಪೆ ಇರೋ ಉದ್ದು ಅಂತ ಅಕ್ಕ ಸೇರಿಸಿದ್ಲು, ಅವಳಿಗೆ ಅಡುಗೆ ಮಾತು ಬಂದ್ರೆ ಸುಮ್ಮನಿರೋಕಾಗಲ್ಲ.

ಅಕ್ಷರದ ಲೆಕ್ಕ ಹಿಂಗೆ. ಎ ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಕೊಬ್ಬು, ಬಿ ಅಂದ್ರೆ ಅಲ್ಲಲ್ಲಿ ಬಿಳಿ, ಸಿ ಅಂದ್ರೆ ಬಹುಪಾಲು ಬಿಳಿ, ಡಿ ಅಂದ್ರೆ ಪೂರ್ತಿ ಬಿಳಿ. ಸಿ ಮತ್ತೆ ಡಿ ಇವೆರಡನ್ನೇ ಡೆನ್ಸ್ ಅನ್ನೋದು. ಅಮೆರಿಕದ ಲೆಕ್ಕದಲ್ಲಿ 40 ದಾಟಿದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಈ ಎರಡರಲ್ಲಿ ಬರ್ತಾರೆ, ಡಿ ಮಾತ್ರ ನೂರರಲ್ಲಿ ಹತ್ತು ಜನ. ಅಂದ್ರೆ ಇದು ರೋಗ ಅಲ್ವೇ ಅಲ್ಲ, ಕೂದಲು ಗುಂಗುರು ಇದ್ದಂಗೆ ಒಂದು ಲಕ್ಷಣ, ಬಹಳಷ್ಟು ಮಟ್ಟಿಗೆ ವಂಶದಿಂದ್ಲೇ ಬರೋದು. ಇನ್ನೊಂದು, ಅಕ್ಷರ ಬೇರೆ ನಂಬರ್ ಬೇರೆ. ಬೈರ್ಯಾಡ್ಸ್ 2 ಅನ್ನೋ ನಂಬರು ಚಿತ್ರದಲ್ಲಿ ಏನು ಕಂಡಿತು ಅನ್ನೋದಕ್ಕೆ, ಸಿ ಅನ್ನೋ ಅಕ್ಷರ ಕಾಣೋಕೆ ಎಷ್ಟು ಅಡ್ಡಿ ಇತ್ತು ಅನ್ನೋದಕ್ಕೆ. ಎ ಇರೋಳ 2ಕ್ಕೂ ಡಿ ಇರೋಳ 2ಕ್ಕೂ ಒಂದೇ ತೂಕ ಇಲ್ಲ, ಈ ಒಂದು ಮಾತು ಯಾರಾದ್ರೂ ಮೊದ್ಲೇ ಹೇಳಿದ್ರೆ ನನ್ನ ನಿದ್ದೆ ಉಳೀತಿತ್ತು. ಅಕ್ಕನ ರಿಪೋರ್ಟಲ್ಲಂತೂ ಅಕ್ಷರವೇ ಇರ್ಲಿಲ್ಲ, ಬರೆಯೋದೇ ಮರ್ತಿದ್ರು, ಮೇಡಂ ನೋಡಿ ಬಿ ಅಂದ್ರು.

ಆ 4ರಿಂದ 6 ಪಟ್ಟಿನ ಕಥೆಗೆ ಬರ್ತೀನಿ, ನಾನು ಹೋಗಿದ್ದೇ ಅದಕ್ಕೆ. ಅದು ಸುಳ್ಳಲ್ಲ, ಆದ್ರೆ ನಂಗೆ ಹೇಳಿದ್ದು ಮೋಸ. ಆ ಸಂಖ್ಯೆ ಡಿ ಇರೋರನ್ನ ಎ ಇರೋರ ಜೊತೆ ಹೋಲಿಸಿದಾಗ ಬರೋದು, ಆ ತುದಿಗೂ ಈ ತುದಿಗೂ. ಕೆನಡಾದ ನಾರ್ಮನ್ ಬಾಯ್ಡ್ ಅನ್ನೋರ ತಂಡ 2007ರಲ್ಲಿ ಇದನ್ನ ಸರಿಯಾಗಿ ಲೆಕ್ಕ ಹಾಕ್ತು, ಮುಕ್ಕಾಲಕ್ಕಿಂತ ಜಾಸ್ತಿ ಬಿಳಿ ಇರೋರಿಗೆ, ಹತ್ತು ಪರ್ಸೆಂಟಿಗಿಂತ ಕಮ್ಮಿ ಇರೋರಿಗಿಂತ 4.7 ಪಟ್ಟು ಅಂತ. ಆದ್ರೆ ಎ ಇರೋರೇ ನೂರಕ್ಕೆ ಹತ್ತು, ಅವರ ಜೊತೆ ನನ್ನ ಯಾಕೆ ನಿಲ್ಲಿಸ್ಬೇಕು? ಸಾಧಾರಣ ಹೆಂಗಸಿನ ಜೊತೆ ಹೋಲಿಸಿದ್ರೆ ಡಿಗೆ ಸುಮಾರು ಎರಡು ಪಟ್ಟು, ನನ್ನಂಥ ಸಿಗೆ 1.2ರ ಆಸುಪಾಸು. ಫೋನಲ್ಲಿ ಮಾರಿದ್ದು ಡಿಯ ಸಂಖ್ಯೆ, ಕೇಳ್ಕೊಂಡಿದ್ದು ಸಿ. ಬಟ್ಟೆ ಅಂಗಡೀಲಿ ಕಾಂಚೀಪುರಂ ರೇಟ್ ಹೇಳಿ ಪಾಲಿಸ್ಟರ್ ಕೊಟ್ಟಂಗೆ, ಇಲ್ಲಿ ಸೀರೆ ಬದಲು ಭಯ.

ಅಡ್ಡಿ ಒಂದೇ ಆಗಿದ್ರೆ ರಿಸ್ಕ್ ಯಾಕೆ ಜಾಸ್ತಿ ಅಂತ ಕೇಳ್ದೆ. ಎರಡು ಬೇರೆ ಬೇರೆ ವಿಷಯವಂತೆ. ಒಂದು ಮರೆಮಾಚೋದು. ಇನ್ನೊಂದು, ಕ್ಯಾನ್ಸರ್ ಶುರುವಾಗೋದೇ ಗ್ರಂಥಿ, ನಾಳಗಳ ಜೀವಕೋಶದಲ್ಲಿ, ಆ ಥರದ ಅಂಗಾಂಶ ಜಾಸ್ತಿ ಇದ್ರೆ ಸಾಧ್ಯತೆಯೂ ಸ್ವಲ್ಪ ಜಾಸ್ತಿ. 1976ರಲ್ಲೇ ಡೆಟ್ರಾಯ್ಟ್‌ನ ಜಾನ್ ವುಲ್ಫ್ ಅನ್ನೋ ರೇಡಿಯಾಲಜಿಸ್ಟು ಚಿತ್ರದ ಮಾದರಿ ನೋಡಿ ಯಾರಿಗೆ ರಿಸ್ಕ್ ಅಂತ ಹೇಳ್ಬಹುದು ಅಂದಿದ್ರಂತೆ, ಆಗ ತುಂಬ ಜನ ನಂಬ್ಲಿಲ್ಲ. ವಯಸ್ಸಾದಂಗೆ, ಮುಟ್ಟು ನಿಂತಂಗೆ ಬಿಳಿ ಕಮ್ಮಿ ಆಗುತ್ತೆ, ಮುಟ್ಟು ನಿಂತ ಮೇಲೆ ತಗೊಳ್ಳೋ ಹಾರ್ಮೋನ್ ಮಾತ್ರೆಯಿಂದ ಜಾಸ್ತಿ ಆಗ್ಬಹುದು. ಸಣ್ಣ ಇರೋರಲ್ಲಿ ಡೆನ್ಸಿಟಿ ಜಾಸ್ತಿ ಕಾಣುತ್ತೆ. ಇದು ಕೇಳಿದ್ದೇ ತಡ ಅಕ್ಕನ ಮುಖ ಅರಳ್ತು, 30 ವರ್ಷದಿಂದ ಅವಳ ತೂಕದ ಬಗ್ಗೆ ನಾನು ಆಡ್ಕೊಂಡಿದ್ದಕ್ಕೆ ಬಡ್ಡಿ ಸಮೇತ ತೀರ್ಸಿಕೊಂಡ್ಲು. ಮೇಡಂ ಅಲ್ಲೇ ಬ್ರೇಕ್ ಹಾಕಿದ್ರು, "ಮುಟ್ಟು ನಿಂತ ಮೇಲೆ ತೂಕ ಜಾಸ್ತಿ ಇರೋದೂ ಒಂದು ರಿಸ್ಕೇ ಅಮ್ಮ, ಬಿ ಅಂದ್ರೆ ಬರಲ್ಲ ಅಂತೇನಿಲ್ಲ."

ಸೋನೋ ಅಲ್ಲೇ ಆಯ್ತು, 1,400 ರೂಪಾಯಿ. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ ಅನ್ನೋ ಬೋರ್ಡ್ ಕೆಳಗೆ ತುಂಬು ಗರ್ಭಿಣಿಯರ ಮಧ್ಯೆ ಒಂದು ಗಂಟೆ ಕೂತಿದ್ದೆ, ಪಕ್ಕದ ಹುಡುಗಿ "ನಿಮ್ಗೆ ಎಷ್ಟು ತಿಂಗ್ಳು ಆಂಟಿ" ಅಂತ ಕೇಳಿದ್ಲು, ಅದನ್ನ ನಾನು ಹೊಗಳಿಕೆ ಅಂತಲೇ ತಗೊಂಡೆ. ಮೇಡಂ ತಾವೇ ಪ್ರೋಬ್ ಹಿಡಿದು ಗಡಿಯಾರದ ಮುಳ್ಳಿನ ಥರ ಸುತ್ತ ನೋಡಿದ್ರು, ಕಂಕುಳೂ ನೋಡಿದ್ರು, ಬಲಗಡೆ ಎರಡು ನೀರಿನ ಗುಳ್ಳೆ, ದೊಡ್ಡದು 7 ಮಿಲಿಮೀಟರು, ಏನೂ ಮಾಡೋದು ಬೇಡ ಅಂದ್ರು. ಸೋನೋದಲ್ಲಿ ಗ್ರಂಥಿ ಬೆಳ್ಳಗೆ, ಗಂಟು ಸಾಮಾನ್ಯವಾಗಿ ಕಪ್ಪಗೆ ಕಾಣುತ್ತಂತೆ, ಹಾಗಾಗಿ ಮ್ಯಾಮೋಗ್ರಾಮಲ್ಲಿ ಅಡಗಿದ್ದು ಇದರಲ್ಲಿ ಸಿಗಬಹುದು. ಹಂಗಾದ್ರೆ ಮುಂದಿನ ಸಲ ಆ ಒತ್ತೋ ಮಿಷಿನ್ ಬಿಟ್ಟು ಇದೊಂದೇ ಮಾಡ್ಸಿದ್ರೆ ಸಾಲ್ದಾ ಅಂದೆ. ಸಾಲಲ್ಲ. ಸುಣ್ಣದ ಪುಡಿ ಥರ ಸಣ್ಣ ಸಣ್ಣ ಕ್ಯಾಲ್ಸಿಯಂ ಚುಕ್ಕೆಗಳು, ಕೆಲವು ಕ್ಯಾನ್ಸರಿನ ಮೊದಲ ಗುರುತೇ ಅವು, ಮ್ಯಾಮೋಗ್ರಾಮಲ್ಲಿ ಚೆನ್ನಾಗಿ ಕಾಣ್ತವೆ, ಸೋನೋಗೆ ಬಹಳಷ್ಟು ಸಲ ಸಿಗಲ್ಲ. ಜೊತೆಗೆ ಸೋನೋ ಏನಿಲ್ಲದ ಗುಳ್ಳೆಗೂ ಅನುಮಾನ ಹುಟ್ಟಿಸಿ ಸುಮ್ಮನೆ ಸೂಜಿ ಚುಚ್ಚಿಸ್ಕೊಳ್ಳೋ ಹಂಗೆ ಮಾಡುತ್ತೆ.

ಎಂಆರ್‌ಐ ಬಗ್ಗೆ ಮೇಡಂ ಪೂರ್ತಿ ಬೇಡ ಅನ್ಲಿಲ್ಲ. ನೆದರ್ಲೆಂಡ್ಸಲ್ಲಿ ಬರೀ ಡಿ ಇರೋ 50ರಿಂದ 75 ವಯಸ್ಸಿನ 40,000 ಚಿಲ್ಲರೆ ಹೆಂಗಸರ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಬಂತು. ಎರಡು ಮ್ಯಾಮೋಗ್ರಾಮ್ ನಡುವೆ ಇದ್ದಕ್ಕಿದ್ದಂಗೆ ಎದ್ದು ಬರೋ ಕ್ಯಾನ್ಸರು, ಎಂಆರ್‌ಐ ಕೊಡ್ತೀವಿ ಅಂತ ಕರೆದ ಗುಂಪಲ್ಲಿ ಸಾವಿರಕ್ಕೆ 5ರಿಂದ 2.5ಕ್ಕೆ ಇಳೀತು. ಆದ್ರೆ ಎಂಆರ್‌ಐ ನೋಡಿ ಬಯಾಪ್ಸಿಗೆ (ಸಣ್ಣ ತುಣುಕು ತೆಗ್ದು ಮಾಡೋ ಪರೀಕ್ಷೆಗೆ) ಕಳ್ಸಿದ ನಾಲ್ಕು ಜನರಲ್ಲಿ ಸುಮಾರು ಮೂರು ಜನಕ್ಕೆ ಏನೂ ಇರ್ಲಿಲ್ಲ. ನಂದು ಸಿ, ಮನೇಲಿ ಅಮ್ಮನಿಗೆ, ಅತ್ತೆಯಂದಿರಿಗೆ ಯಾರಿಗೂ ಇಲ್ಲ, 28,000 ಇಟ್ಕೊಳ್ಳಿ, ವರ್ಷಕ್ಕೊಂದು ಸಲ ಬನ್ನಿ ಅಂದ್ರು. ಬಂದ ಗಿರಾಕಿಗೆ ದುಡ್ಡು ಖರ್ಚು ಮಾಡ್ಬೇಡಿ ಅನ್ನೋ ಸೆಂಟರಿಗೆ ಒಂದು ಸ್ಟಾರ್ ಅಲ್ಲೇ ಎಕ್ಸ್ಟ್ರಾ.

ನ್ಯೂಜೆರ್ಸಿಲಿರೋ ನಮ್ಮ ಚಿಕ್ಕಪ್ಪನ ಮಗಳಿಗೆ ಇದೆಲ್ಲಾ ಹೇಳಿದ್ರೆ ಅವಳು ನಕ್ಕುಬಿಟ್ಲು, ಅವಳಿಗೆ ಪ್ರತಿ ಸಲ ಮನೆಗೇ ಕಾಗದ ಬರುತ್ತಂತೆ, ನಿಮ್ಮದು ಡೆನ್ಸ್ ಅಥವಾ ಡೆನ್ಸ್ ಅಲ್ಲ ಅಂತ ಸಾದಾ ಭಾಷೇಲಿ. ಅದು ಸುಮ್ಮನೆ ಬಂದ ಸೌಲಭ್ಯ ಅಲ್ಲ. ಕನೆಕ್ಟಿಕಟ್‌ನ ನ್ಯಾನ್ಸಿ ಕಪೆಲ್ಲೊ ಅನ್ನೋರಿಗೆ 11 ವರ್ಷ ನಾರ್ಮಲ್ ಮ್ಯಾಮೋಗ್ರಾಮ್ ಬಂದು, 2004ರಲ್ಲಿ ಡಾಕ್ಟ್ರು ಕೈಲಿ ಮುಟ್ಟಿದಾಗ ಏನೋ ಸಿಕ್ಕಿ, ಸೋನೋ ಮಾಡಿದ್ರೆ ಗಂಟು, ಅಷ್ಟೊತ್ತಿಗೆ 13 ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹರಡಿತ್ತು. ನಂಗೆ ಡೆನ್ಸ್ ಅಂತ ಯಾಕೆ ಯಾರೂ ಹೇಳ್ಲಿಲ್ಲ ಅಂತ ಹಠ ಹಿಡಿದು ಹೋರಾಡಿ 2009ರಲ್ಲಿ ಅವರ ರಾಜ್ಯದಲ್ಲಿ ಕಾನೂನು ಮಾಡಿಸಿದ್ರು, ಆಮೇಲೆ ಒಂದೊಂದೇ ರಾಜ್ಯ, 2024ರ ಸೆಪ್ಟೆಂಬರ್ 10ರಿಂದ ಇಡೀ ಅಮೆರಿಕಕ್ಕೆ. ಅದನ್ನ ನೋಡೋಕೆ ಅವರೇ ಇರ್ಲಿಲ್ಲ, 2018ರಲ್ಲಿ ಹೋಗ್ಬಿಟ್ರು. ನಮ್ಮಲ್ಲಿ ಅಂಥ ಕಾನೂನು ಇಲ್ಲ, ಇದ್ದಿದ್ರೆ ಗಾಜಿನ ಬಿಲ್ಡಿಂಗಿನೋರು ಆ ಫೋನ್ ಬದಲು ಒಂದು ಕಾಗದ ಕಳಿಸ್ತಿದ್ರು. ನಮ್ಮ ದೇಶದಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆ ಬರುತ್ತೆ, 40-50ರ ವಯಸ್ಸಲ್ಲೇ, ಆ ವಯಸ್ಸಲ್ಲಿ ಬಿಳಿಯೂ ಜಾಸ್ತಿ ಇರುತ್ತೆ, ಹಾಗಾಗಿ ಆ ಕಾಗದ ನಿಜವಾಗಿ ಬೇಕಿರೋದು ನಮಗೇ.

ಈ ವರ್ಷ ಏಪ್ರಿಲಲ್ಲಿ ಮ್ಯಾಮೋಗ್ರಾಮನ್ನೂ ಎರಡ್ನೇ ಸೆಂಟರಲ್ಲೇ ಮಾಡಿಸ್ದೆ. 3ಡಿ ಅಂತಾರೆ, ಒತ್ತಿ ಹಿಡಿದಾಗ ಮೇಲಿನ ತಲೆ ಕಮಾನಿನ ಥರ ತಿರುಗಿ ಬ್ರೆಡ್ ಸ್ಲೈಸ್ ಥರ ಪದರ ಪದರವಾಗಿ ಚಿತ್ರ ತೆಗಿಯುತ್ತೆ, ಸಿ ಇರೋರಿಗೆ ಇದರಿಂದ ಸ್ವಲ್ಪ ಉಪಯೋಗ. 2,800 ಆಯ್ತು. ಟೆಕ್ನಿಷಿಯನ್ ಒಳಗೆ ಹೋದ ತಕ್ಷಣ ಕೇಳಿದ್ದು "ಪೌಡರ್ ಹಾಕಿದೀರಾ, ಡಿಯೋ?" ಏಪ್ರಿಲ್ ಬಿಸಿಲಲ್ಲಿ ಪೌಡರ್ ಹಾಕ್ದೆ ಯಾರ್ ಬರ್ತಾರೆ, ಕಂಕುಳ ತುಂಬಾ ಹಾಕಿದ್ದೆ. ಒದ್ದೆ ಟಿಶ್ಯೂ ಕೊಟ್ಟು ಪೂರ್ತಿ ಒರೆಸಿಸಿದ್ಲು, ಪೌಡರು ಡಿಯೋದ ಕಣ ಚಿತ್ರದಲ್ಲಿ ಆ ಕ್ಯಾಲ್ಸಿಯಂ ಚುಕ್ಕೆ ಥರವೇ ಕಾಣಬಹುದಂತೆ. ಕಳೆದ ವರ್ಷ ಇದನ್ನ ಯಾರೂ ಕೇಳೇ ಇಲ್ಲ! ತಾಳಿ ಸರ ತೆಗೀಬೇಕು ಅಂದಾಗ ನಾನು ಒಂದು ಕ್ಷಣ ನಿಂತೆ, ಅವಳೇ "ಆಂಟಿ ಬಿಚ್ಚೋದು ಬೇಡ, ಬೆನ್ನ ಕಡೆ ಹಾಕಿ ಟೇಪ್ ಹಾಕ್ತೀನಿ" ಅಂತ ಹಿಂದೆ ಸರಿಸಿ ಅಂಟಿಸಿದ್ಲು. ಗೋಡೆ ಮೇಲೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಫ್ರೇಮ್ ಹಾಕಿದ್ರು, ಎಕ್ಸ್‌ರೇ ಮಿಷಿನ್ ಇಡೋಕೆ ಅವರ ಅನುಮತಿ ಬೇಕು, ನೀವೂ ನೋಡ್ಕೊಳ್ಳಿ. ರೇಡಿಯೇಷನ್ ಭಯ ಇರೋರಿಗೆ, ಒಂದು ಸಾಮಾನ್ಯ ಮ್ಯಾಮೋಗ್ರಾಮಲ್ಲಿ ಬರೋದು ನಾವು ಸುಮ್ಮನೆ ಭೂಮಿ ಮೇಲೆ ಓಡಾಡ್ಕೊಂಡಿದ್ರೂ ಸುಮಾರು ಏಳು ವಾರದಲ್ಲಿ ಬರೋವಷ್ಟು.

ರಿಪೋರ್ಟಲ್ಲಿ ಡೆನ್ಸಿಟಿ ಸಿ ಅಂತ ಮೇಲೇ ಇದೆ, ಹಳೇ ಚಿತ್ರದ ಜೊತೆ ಹೋಲಿಸಿದೆ, ಬದಲಾವಣೆ ಇಲ್ಲ ಅಂತಲೂ ಬರ್ದಿದೆ. ಆ 300 ರೂಪಾಯಿ ಸಿಡಿ ವಸೂಲಾಯ್ತು.

ದೂರುಗಳೂ ಇವೆ, ಇಲ್ಲ ಅಂದ್ರೆ ನೀವು ನಂಬಲ್ಲ. ಮೇಡಂ ಮಧ್ಯಾಹ್ನ 1ರ ತನಕ ಮಾತ್ರ, 10ಕ್ಕೆ ಅಪಾಯಿಂಟ್ಮೆಂಟ್ ಅಂದ್ರೆ 11:20. ಕುಡಿಯೋ ನೀರಿನ ಕ್ಯಾನ್ ಖಾಲಿ. ಗೌನಿಗೆ ಇರೋದು ಒಂದೇ ದಾರ, ಅದೂ ಕಟ್ಟೋಕೆ ಬರದ ಕಡೆ. ಬಟ್ಟೆ ಬದಲಾಯಿಸೋ ಜಾಗದ ಪರದೆ ಪೂರ್ತಿ ಮುಚ್ಚಲ್ಲ, ಅಕ್ಕ ಹೊರಗೆ ಕಾವಲು ನಿಂತಿದ್ಲು. ಸೋನೋ ಆದ್ಮೇಲೆ ಜೆಲ್ ಒರೆಸೋಕೆ ಕೊಡೋದು ಎರಡೇ ಟಿಶ್ಯೂ, ಮನೆ ತನಕ ಬ್ಲೌಸ್ ಅಂಟಂಟು.

ನಮ್ಮನೆ ಕೆಲಸಕ್ಕೆ ಬರೋ ಅಮ್ಮ ನನ್ನ ಫೈಲ್ ನೋಡಿ ನಂಗೂ ಮಾಡಿಸ್ಬೇಕಾ ಅಂದ್ಲು. 2,800 ಅವಳಿಗೆ ಹೆಂಗೆ ಹೇಳ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದೋರಿಗೆ ಕೈಯಲ್ಲಿ ಪರೀಕ್ಷೆ ಮಾಡೋ ಕಾರ್ಯಕ್ರಮ ಇದೆ, ಅಲ್ಲಿಗೆ ಹೋಗು ಅಂದೆ. ಅದನ್ನ ಸಣ್ಣದು ಅನ್ಕೋಬೇಡಿ, ಮುಂಬೈನ ಟಾಟಾ ಮೆಮೋರಿಯಲ್‌ನೋರು ಒಂದೂವರೆ ಲಕ್ಷ ಹೆಂಗಸರನ್ನ 20 ವರ್ಷ ಗಮನಿಸಿ 2021ರಲ್ಲಿ ಹೇಳಿದ್ದು, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಲಿ ನೋಡಿದ್ರೂ ಕಾಯಿಲೆ ಮುಂಚಿನ ಹಂತದಲ್ಲೇ ಸಿಗುತ್ತೆ, 50 ದಾಟಿದೋರಲ್ಲಿ ಸಾವು ಸುಮಾರು 30 ಪರ್ಸೆಂಟ್ ಕಮ್ಮಿ ಆಯ್ತು ಅಂತ. ಅಲ್ಲಿ ಅಕ್ಕೀನೂ ಇಲ್ಲ ಉದ್ದೂ ಇಲ್ಲ, ಬೆರಳು ಅಷ್ಟೇ.

ಗಾಜಿನ ಬಿಲ್ಡಿಂಗಿಗೆ 2 ಸ್ಟಾರ್, ಅದರಲ್ಲಿ ಒಂದು ಕಾಫಿಗೆ. ಮಹಡಿ ಮೇಲಿನೋರಿಗೆ 4. ಪರದೆ ಸರಿ ಮಾಡ್ಸಿದ್ರೆ ನಾನೇ ಬಂದು ನಾಲ್ಕೂವರೆ ಮಾಡ್ತೀನಿ.

ಅಕ್ಕ ಈಗ ಎಲ್ಲೇ ಹೋದ್ರೂ "ನಂದು ಬಿ, ಇವಳದ್ದು ಸಿ, ಸ್ಕೂಲಲ್ಲೂ ಹಿಂಗೇ ಇತ್ತು" ಅಂತ ಹೇಳ್ಕೊಂಡು ತಿರುಗ್ತಾಳೆ. ಅವಳಿಗೂ ಮುಂದಿನ ಏಪ್ರಿಲಿಗೆ ಟೈಮ್ ತಗೊಂಡಿದೀನಿ. ಸಿಡಿಗಳನ್ನ ಬೀರುವಲ್ಲಿ ಅಮ್ಮನ ಧಾರೆ ಸೀರೆ ಮಡಿಕೆ ಒಳಗೆ ಇಟ್ಟಿದೀನಿ, ನಮ್ಮನೇಲಿ ಇಟ್ಟಿದ್ದು ಇಟ್ಟಲ್ಲೇ ಇರೋ ಜಾಗ ಅದೊಂದೇ.